ಒಂದು ಇಸಿಜಿ ನೋಡಿ ನಿಶ್ಚಿಂತರಾಗುವುದು ಸಲ್ಲದು

ವರ್ಷಕ್ಕೊಮ್ಮೆ ದಾಸ್ತಾನು ಎಣಿಸದ ವರ್ತಕರಿಲ್ಲ. ಕಾಲಕಾಲಕ್ಕೆ ಯಂತ್ರಗಳನ್ನು ಪರಿಶೀಲಿಸದ ಉದ್ಯಮಿಗಳಿಲ್ಲ. ಆದರೆ ತಮ್ಮ ಹೃದಯದ ವಿಷಯದಲ್ಲಿ ಇದೇ ಶಿಸ್ತನ್ನು ಪಾಲಿಸುವವರು ನಮ್ಮಲ್ಲಿ ವಿರಳ. 2025ರ ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹರಡಿದಾಗ, ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಭಯದಿಂದ ಮಾಡಿಸಿಕೊಂಡ ಪರೀಕ್ಷೆ ಒಂದು ದಿನದ ಸಮಾಧಾನವನ್ನಷ್ಟೇ ನೀಡಬಲ್ಲದು. ಯಾವ ಪರೀಕ್ಷೆ ಏನನ್ನು ತಿಳಿಸುತ್ತದೆ, ಏನನ್ನು ತಿಳಿಸಲಾರದು ಎಂಬ ಅರಿವು ಮೊದಲು ಬೇಕು.

ಇಸಿಜಿಯು ವಿಶ್ರಾಂತಿಯಲ್ಲಿರುವ ಹೃದಯದ ವಿದ್ಯುತ್ ಚಟುವಟಿಕೆಯನ್ನು ಕೆಲವೇ ಸೆಕೆಂಡುಗಳ ಕಾಲ ದಾಖಲಿಸುತ್ತದೆ. ಬಡಿತದ ಏರುಪೇರು, ಹಿಂದೆ ಆಗಿಹೋದ ಅಥವಾ ಆಗುತ್ತಿರುವ ಆಘಾತದ ಗುರುತು ಅದರಲ್ಲಿ ಕಾಣಬಹುದು. ಆದರೆ ರಕ್ತನಾಳ ಕಿರಿದಾಗಿದ್ದರೂ ಇಸಿಜಿ ಸಹಜವಾಗಿರುವುದುಂಟು. ಎಕೋ ಪರೀಕ್ಷೆಯು ಹೃದಯದ ಪಂಪಿನ ಶಕ್ತಿಯನ್ನೂ ಕವಾಟಗಳ ಸ್ಥಿತಿಯನ್ನೂ ತೋರಿಸುತ್ತದೆ. ರಕ್ತನಾಳದ ಅಡಚಣೆಯನ್ನು ನೇರವಾಗಿ ತೋರಿಸದು. ಟಿಎಂಟಿಯಲ್ಲಿ ನಡಿಗೆಯ ವೇಗವನ್ನೂ ಇಳಿಜಾರನ್ನೂ ಹಂತಹಂತವಾಗಿ ಹೆಚ್ಚಿಸಿ, ಶ್ರಮದ ವೇಳೆ ಹೃದಯಕ್ಕೆ ರಕ್ತ ಸಾಲುತ್ತಿದೆಯೇ ಎಂದು ನೋಡುತ್ತಾರೆ. ಆದರೆ ಯಾವ ತೊಂದರೆಯೂ ಇಲ್ಲದವರಲ್ಲಿ ಇದು ಸುಳ್ಳು ಎಚ್ಚರಿಕೆಯನ್ನೂ ನೀಡಬಹುದು. ಆಂಜಿಯೋಗ್ರಾಮ್ ಅಡಚಣೆಯನ್ನು ಕಣ್ಣಿಗೆ ಕಾಣುವಂತೆ ತೋರಿಸುತ್ತದಾದರೂ ಅದು ವೈದ್ಯರು ಅಗತ್ಯವೆಂದಾಗ ಮಾತ್ರ ಮಾಡಿಸಬೇಕಾದುದು.

ರಿಯಾಯಿತಿ ದರದ ಪ್ಯಾಕೇಜುಗಳಲ್ಲಿ ಪರೀಕ್ಷೆಗಳ ಸಂಖ್ಯೆಯನ್ನು ಎಣಿಸಿ ಲಾಭವಾಯಿತೆಂದು ತಿಳಿಯುವುದು ಸರಿಯಲ್ಲ. ಹೆಚ್ಚಿನವರಿಗೆ ಮೊದಲು ಬೇಕಾದದ್ದು ಅಗ್ಗದ ಪರೀಕ್ಷೆಗಳೇ: ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್. ರಕ್ತದೊತ್ತಡ ಮತ್ತೆಮತ್ತೆ 140/90 ದಾಟಿದರೆ, ಉಪವಾಸದ ಸಕ್ಕರೆ 126 ಮುಟ್ಟಿದರೆ ವೈದ್ಯರನ್ನು ಕಾಣಲು ತಡಮಾಡಬಾರದು. ಇವು ಹೃದಯಾಘಾತಕ್ಕೆ ಬಹು ವರ್ಷಗಳ ಮೊದಲೇ ಸಿಗುವ ಸೂಚನೆಗಳು. ಗುಟ್ಕಾ, ಬೀಡಿ, ಸಿಗರೇಟುಗಳ ಅಪಾಯವನ್ನು ಅರಿಯಲು ಯಾವ ಯಂತ್ರವೂ ಬೇಕಿಲ್ಲ.

ಪರೀಕ್ಷೆಗಿಂತ ಹೆಚ್ಚಿನದು ಸಮಯ. ಎದೆಯಲ್ಲಿ ಬಿಗಿತ, ಎಡತೋಳು ಅಥವಾ ದವಡೆಯಲ್ಲಿ ನೋವು, ತಣ್ಣನೆಯ ಬೆವರು ಕಾಣಿಸಿಕೊಂಡಾಗ ಗ್ಯಾಸ್ ಎಂದು ಸೋಡಾ ಕುಡಿದು, ಗಿರಾಕಿಗಳಿದ್ದಾರೆಂದು ಗಲ್ಲಾಪೆಟ್ಟಿಗೆ ಬಿಟ್ಟೇಳದೆ ಕುಳಿತುಕೊಳ್ಳುವುದು ನಮ್ಮವರ ರೂಢಿ. ಈ ವಿಳಂಬವೇ ಪ್ರಾಣಕ್ಕೆ ಎರವಾಗುತ್ತದೆ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಪರಿಶೀಲನೆಯೂ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದೂ ಉಚಿತವಾಗಿ ದೊರೆಯುತ್ತವೆ. ನಿಮ್ಮ ಊರಿನಲ್ಲಿ ಈ ಸೌಲಭ್ಯ ಎಲ್ಲಿದೆ ಎಂಬುದನ್ನು ಇಂದೇ ವಿಚಾರಿಸಿ, ಅಂಗಡಿಯ ಗೋಡೆಯ ಮೇಲೆ ಬರೆದಿಡುವುದು ಒಳಿತು.

ಕೊನೆಯದಾಗಿ ಒಂದು ಸಲಹೆ. ನಮ್ಮ ಸಂಸ್ಥೆಯು ವರ್ಷಕ್ಕೆರಡು ಬಾರಿ ರಕ್ತದೊತ್ತಡ, ಸಕ್ಕರೆ ತಪಾಸಣೆಯ ಶಿಬಿರವನ್ನು ಏರ್ಪಡಿಸಬೇಕು. ಅದು ಸದಸ್ಯರಿಗಷ್ಟೇ ಮೀಸಲಾಗದೆ ಗುಮಾಸ್ತರು, ಹಮಾಲರು, ಚಾಲಕರು, ಕಾರ್ಖಾನೆಯ ಕಾರ್ಮಿಕರಿಗೂ ತೆರೆದಿರಬೇಕು. ಅಂದು ಅವರಿಗೆ ಅರ್ಧ ದಿನದ ಸಂಬಳಸಹಿತ ಬಿಡುವು ನೀಡುವುದು ಮಾಲೀಕರಿಗೆ ಹೊರೆಯೇನಲ್ಲ. ನುರಿತ ಒಬ್ಬ ಕೆಲಸಗಾರನನ್ನು ಅಕಾಲದಲ್ಲಿ ಕಳೆದುಕೊಂಡವರಿಗೆ ಆ ನಷ್ಟವನ್ನು ಯಾವ ಖಾತೆಯಲ್ಲಿಯೂ ತುಂಬಿಕೊಳ್ಳಲಾಗದು ಎಂಬುದು ತಿಳಿದಿದೆ.