ಟ್ರ್ಯಾಕ್ಟರು ಬಲಗುಂದಿದಾಗ ಮೊದಲು ನೋಡತಕ್ಕುದೇನು?

ಉತ್ತರಿ, ಹಸ್ತ ಮಳೆಗಳು ಬಿದ್ದು ಎರೆ ನೆಲ ಹದಕ್ಕೆ ಬಂದಾಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಒಕ್ಕಲು ಮನೆತನಗಳಿಗೆ ದೊರೆಯುವ ಅವಧಿ ಬಲು ಚಿಕ್ಕದು. ಬಿಳಿಜೋಳ, ಕಡಲೆ, ಕುಸುಬೆಗಳ ಬಿತ್ತನೆ ಹಸಿ ಆರುವ ಮುನ್ನ ಮುಗಿಯಬೇಕು. ಹದ ತಪ್ಪಿತೆಂದರೆ ಆ ವರುಷದ ಹಿಂಗಾರಿಯೇ ತಪ್ಪಿದಂತೆ. ಇಪ್ಪತ್ತು ಮೂವತ್ತು ವರುಷ ದುಡಿದ ಟ್ರ್ಯಾಕ್ಟರು ಏದುಸಿರು ಬಿಡತೊಡಗುವುದೂ ಹೆಚ್ಚಾಗಿ ಇದೇ ಸಮಯದಲ್ಲಿ. ನಿನ್ನೆ ಮೂರನೆಯ ಗೇರಿನಲ್ಲಿ ಎಳೆದ ಕುಂಟೆಯನ್ನು ಇಂದು ಎರಡನೆಯದರಲ್ಲಿಯೂ ಎಳೆಯಲೊಲ್ಲದು.

ಈ ಕುರಿತು ಹಲವು ಗೃಹಸ್ಥರು ನಮ್ಮನ್ನು ಕೇಳಿದ್ದಾರೆ. ಮಠದಲ್ಲಿ ವ್ಯಾಕರಣ ಓದಿದವರಿಗೆ ಇಂಜಿನ್ನಿನ ಉಸಾಬರಿ ಏತಕ್ಕೆ ಎಂದು ಯಾರಾದರೂ ನಗಬಹುದು. ಮಠದ ಹೊಲವನ್ನೂ ಟ್ರ್ಯಾಕ್ಟರೇ ಉಳುತ್ತದೆ ಎಂಬುದನ್ನು ಅವರು ಮರೆತಿರಬೇಕು.

ಕಷ್ಟದ ಮೂಲ ಎಲ್ಲಿದೆಯೆಂದರೆ, ಬಲ ಕುಂದಿತು ಎಂದೊಡನೆ ಕೇಳಿಬರುವ ಮೊದಲ ಮಾತು, “ಸಾವಕಾರ್ರ, ಪಿಸ್ಟನ್ ಹೋಗ್ಯಾವ್ರಿ, ಇಂಜಿನ್ ಬಿಚ್ಚಬೇಕ್ರಿ” ಎಂಬುದೇ ಆಗಿರುತ್ತದೆ. ಬಿತ್ತನೆಯ ಆತುರದಲ್ಲಿರುವ ಯಜಮಾನ ಮರುಮಾತಿಲ್ಲದೆ ಒಪ್ಪುತ್ತಾನೆ. ಮನೆಯ ಬಂಗಾರ ಅಡವಿಗೆ ಹೋಗುತ್ತದೆ. ಮಿಸ್ತ್ರಿಗಳೆಲ್ಲರೂ ಹೀಗೆಂದು ನಾವು ಹೇಳುವುದಿಲ್ಲ. ನಿಧಾನವಾಗಿ ನೋಡಿ ನುಡಿಯುವ ಕುಶಲರು ಪ್ರತಿ ಊರಲ್ಲಿಯೂ ಇದ್ದಾರೆ. ಆದರೆ ಇಂಜಿನ್ ಬಿಚ್ಚುವುದು ಕೊನೆಯ ಮೆಟ್ಟಿಲೇ ಹೊರತು ಮೊದಲನೆಯದಲ್ಲ.

1897ರಲ್ಲಿ ಜರ್ಮನಿಯ ರುಡಾಲ್ಫ್ ಡೀಸೆಲ್ ನಡೆಸಿ ತೋರಿದ ಈ ಇಂಜಿನ್ನಿಗೆ ಕಿಡಿ ಬೇಕಾಗಿಲ್ಲ. ಸಿಲಿಂಡರಿನೊಳಗೆ ಬಂದ ಗಾಳಿಯನ್ನು ಪಿಸ್ಟನ್ನು ಹದಿನಾರು ಹದಿನೇಳರಲ್ಲಿ ಒಂದು ಪಾಲಿನಷ್ಟು ಇಂಬಿಗೆ ಒತ್ತುತ್ತದೆ. ಆ ಒತ್ತಡಕ್ಕೆ ಗಾಳಿಯೇ ಕಾದು ಕೆಂಡದಂತಾಗುತ್ತದೆ. ಅದರೊಳಗೆ ನಾಜಲ್ಲು ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದುದರಿಂದ ಬಲಕ್ಕೆ ಬೇಕಾದವು ಮೂರೇ: ಸಾಕಷ್ಟು ಗಾಳಿ, ಸಾಕಷ್ಟು ಡೀಸೆಲ್, ಸೋರದ ಒತ್ತಡ. ಮೊದಲೆರಡನ್ನು ಮನೆಯಂಗಳದಲ್ಲಿಯೇ ಪರೀಕ್ಷಿಸಬಹುದು, ಖರ್ಚೂ ಅಲ್ಪ. ಇಂಜಿನ್ ಬಿಚ್ಚಬೇಕಾಗಿ ಬರುವುದು ಮೂರನೆಯದಕ್ಕೆ ಮಾತ್ರ.

ಅದಕ್ಕೂ ಮುನ್ನ, ಕುಂದಿರುವುದು ಇಂಜಿನ್ನಿನ ಬಲವೇ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಭಾರ ಬಿದ್ದಾಗ ಇಂಜಿನ್ನಿನ ಸದ್ದು ಏರುತ್ತ ಹೋಗಿ ಗಾಲಿ ಮಾತ್ರ ಮುಂದೆ ಸಾಗದಿದ್ದರೆ, ಸುಟ್ಟ ವಾಸನೆಯೂ ಬಂದರೆ, ದೋಷ ಕ್ಲಚ್ ಪ್ಲೇಟಿನದು. ಸದ್ದು ಕುಗ್ಗುತ್ತ ಬಂದು ನಿಲ್ಲುವಂತಾದರೆ ಮಾತ್ರ ಇಂಜಿನ್ನಿನದು. ಬ್ರೇಕು ಹಿಡಿದುಕೊಂಡೇ ಓಡುತ್ತಿರುವ ಟ್ರ್ಯಾಕ್ಟರೂ ಬಲಗುಂದಿದಂತೆಯೇ ಕಾಣುತ್ತದೆ. ಒಂದಿಷ್ಟು ಓಡಿಸಿ ಬ್ರೇಕಿನ ಭಾಗ ಕಾದಿದೆಯೇ ಎಂದು ನೋಡಿದರೆ ತಿಳಿದೀತು. ರೇಸ್ ಕೊಡುವ ಕೈಹಿಡಿಯ ಕಡ್ಡಿ ಸವೆದು, ಹಿಡಿಯನ್ನು ಪೂರ್ತಿ ಎಳೆದರೂ ಪಂಪಿನ ಮೇಲಿನ ಲಿವರು ಕೊನೆ ಮುಟ್ಟದಿರುವುದೂ ಉಂಟು. ಇನ್ನು ಇಂಡಿ, ಸಿಂದಗಿ ಕಡೆ ಕಬ್ಬಿನ ಹಂಗಾಮಿನಲ್ಲಿ ಹಳೆಯ ಗಾಡಿಯ ಹಿಂದೆ ಎರಡು ಟ್ರೇಲರು ಹೇರಿ ದಿನ್ನೆ ಏರಿಸಿ, ‘ಬಲವಿಲ್ಲ’ ಎಂದು ಅದನ್ನೇ ದೂರುವವರಿಗೆ ನಮ್ಮಲ್ಲಿ ಉತ್ತರವಿಲ್ಲ.

ಮೊದಲು ಗಾಳಿಯನ್ನು ನೋಡೋಣ. ಹಳೆಯ ಟ್ರ್ಯಾಕ್ಟರುಗಳಲ್ಲಿ ಹೆಚ್ಚಿನವಕ್ಕೆ ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಇರುತ್ತದೆ. ಒಳಬರುವ ಗಾಳಿ ಆ ಎಣ್ಣೆಗೆ ತಾಗಿ ಧೂಳನ್ನು ಅಲ್ಲಿಯೇ ಬಿಟ್ಟು, ಮೇಲಿನ ತಂತಿಜಾಲರಿಯ ಮೂಲಕ ಇಂಜಿನ್ನಿಗೆ ಹೋಗುತ್ತದೆ. ಡೋಣಿ ಸಾಲಿನ ಎರೆಮಣ್ಣಿನ ಧೂಳು ಹಿಟ್ಟಿನಂತೆ ನುಣುಪು. ಬೇಸಿಗೆಯ ಮಾಗಿ ಉಳುಮೆಯಲ್ಲಿ, ರಾಶಿಯ ಕಾಲದಲ್ಲಿ ಆ ಬಟ್ಟಲಿನ ಎಣ್ಣೆ ಒಂದೆರಡು ದಿನಗಳಲ್ಲಿಯೇ ರಾಡಿಯಾಗುತ್ತದೆ. ಧೂಳಿನ ಕೆಲಸವಿದ್ದಾಗ ದಿನಕ್ಕೊಮ್ಮೆ ಬಟ್ಟಲನ್ನು ಬಿಚ್ಚಿ ನೋಡತಕ್ಕುದು. ತಳದಲ್ಲಿ ಕೆಸರು ಕಟ್ಟಿದ್ದರೆ ಚೆಲ್ಲಿ, ಡೀಸೆಲ್‌ನಲ್ಲಿ ತೊಳೆದು, ಬಟ್ಟಲಿನ ಗುರುತಿನವರೆಗೆ ಮಾತ್ರ ಹೊಸ ಇಂಜಿನ್ ಆಯಿಲ್ ಹಾಕಬೇಕು. ಗುರುತು ಮೀರಿ ಹಾಕಿದರೆ ಇಂಜಿನ್ನು ಆ ಎಣ್ಣೆಯನ್ನು ಎಳೆದುಕೊಂಡು, ನಿಲ್ಲಿಸಲು ಬಾರದಷ್ಟು ವೇಗಕ್ಕೆ ಏರುವ ಅಪಾಯವುಂಟು. ಜಾಲರಿಯನ್ನೂ ಆಗಾಗ ಡೀಸೆಲ್‌ನಲ್ಲಿ ಅದ್ದಿ, ಜಾಡಿಸಿ, ಪೂರ್ತಿ ಬಸಿದ ಮೇಲೆಯೇ ಕೂಡಿಸತಕ್ಕುದು.

ಏರ್ ಕ್ಲೀನರಿನಿಂದ ಇಂಜಿನ್ನಿಗೆ ಹೋಗುವ ರಬ್ಬರು ಕೊಳವೆಯನ್ನು ಬೆರಳಾಡಿಸಿ ನೋಡಬೇಕು. ಅಲ್ಲಿ ಸೀಳಿದ್ದರೆ ಬಲ ಕುಂದದು. ಬದಲಿಗೆ ಸೋಸದ ಧೂಳು ನೇರವಾಗಿ ಒಳಹೊಕ್ಕು ಲೈನರು, ರಿಂಗುಗಳನ್ನು ಅರದಂತೆ ಉಜ್ಜುತ್ತದೆ. ಅದರ ಫಲ ಮುಂದೆ ಕಾಣುತ್ತದೆ. ‘ಗಾಳಿ ಚೆನ್ನಾಗಿ ಬರಲಿ’ ಎಂದು ಏರ್ ಕ್ಲೀನರನ್ನೇ ಕಳಚಿಟ್ಟು ಉಳುವವರನ್ನು ನಾವು ಕಂಡಿದ್ದೇವೆ. ಅದು ಇಂಜಿನ್ನಿನ ಆಯುಷ್ಯವನ್ನು ತಾವೇ ತಿಂದಂತೆ. ಹೊಗೆ ಹೋಗುವ ಸೈಲೆನ್ಸರನ್ನೂ ಮರೆಯಲಾಗದು. ಬಹುದಿನ ನಿಂತ ಗಾಡಿಯ ಕೊಳವೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದೂ ಉಂಟು.

ಎರಡನೆಯದು ಡೀಸೆಲ್. ಇಲ್ಲಿ ಮುದ್ದೇಬಿಹಾಳ ಕಡೆಯ ಒಂದು ಮನೆತನದ ಸಂಗತಿಯನ್ನು ಹೇಳಬೇಕು. ಅವರ ಟ್ರ್ಯಾಕ್ಟರು ಮುಂಜಾನೆ ಚೆನ್ನಾಗಿ ಎಳೆದು, ಅರ್ಧ ಮುಕ್ಕಾಲು ತಾಸಿನ ಮೇಲೆ ಬಲಗುಂದಿ ನಿಲ್ಲುತ್ತಿತ್ತು. ತುಸು ಹೊತ್ತು ಬಿಟ್ಟರೆ ಮತ್ತೆ ಹೊರಡುತ್ತಿತ್ತು. ಇಂಜಿನ್ ಬಿಚ್ಚಿಸಿದರು, ಲೈನರು ಪಿಸ್ಟನ್ನು ಹೊಸವು ಬಂದವು, ಸಾಲವೂ ಆಯಿತು. ಮೊದಲ ದಿನವೇ ಗಾಡಿ ಅದೇ ರೀತಿ ನಿಂತಿತು. ಕೊನೆಗೆ ಯಾರೋ ಡೀಸೆಲ್ ಟ್ಯಾಂಕಿನ ಮುಚ್ಚಳ ತಿರುವಿದಾಗ ‘ಸುಂಯ್’ ಎಂದು ಗಾಳಿ ಒಳಹೊಕ್ಕಿತು. ಮುಚ್ಚಳದಲ್ಲಿ ಗಾಳಿಯಾಡಲು ಇರುವ ಸಣ್ಣ ರಂಧ್ರ ಎರೆಮಣ್ಣಿನಿಂದ ಮೆತ್ತಿತ್ತು. ಡೀಸೆಲ್ ಇಳಿದಂತೆ ಟ್ಯಾಂಕಿನೊಳಗೆ ಗಾಳಿ ಹೋಗಲಾರದೆ ಡೀಸೆಲ್ ಹರಿಯುವುದೇ ನಿಲ್ಲುತ್ತಿತ್ತು. ಒಂದು ತಂತಿಯ ಎಳೆಯಿಂದ ಅದು ಸರಿಹೋಯಿತು. ಹೊರಟು, ಕುಂದಿ, ಬಿಟ್ಟಾಗ ಚೇತರಿಸುವ ಗಾಡಿಯಲ್ಲಿ ಮೊದಲು ನೋಡತಕ್ಕುದು ಈ ಮುಚ್ಚಳವನ್ನೇ.

ಬಳಿಕ ಫಿಲ್ಟರುಗಳು. ಕ್ಯಾನಿನಲ್ಲಿ ತಂದಿಟ್ಟ ಡೀಸೆಲ್‌ನಲ್ಲಿ ನೀರು, ಕಸ ಸೇರುವುದು ಸಹಜ. ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ಗಾಜಿನ ಲೋಟದಲ್ಲಿ ಹಿಡಿದರೆ ನೀರು ಕೆಳಗೆ, ಡೀಸೆಲ್ ಮೇಲೆ ನಿಲ್ಲುತ್ತದೆ. ನೀರಿದ್ದರೆ ಶುದ್ಧ ಡೀಸೆಲ್ ಬರುವವರೆಗೆ ಹರಿಯಬಿಡಬೇಕು. ಫಿಲ್ಟರು ಕಟ್ಟಿದ್ದರೆ ತೊಳೆಯದೆ ಹೊಸದನ್ನೇ ಹಾಕುವುದು ಲೇಸು. ಇಂಜಿನ್ ಬಿಚ್ಚುವ ಖರ್ಚಿನ ಮುಂದೆ ಅದರ ಬೆಲೆ ಲೆಕ್ಕಕ್ಕಿಲ್ಲ. ಫಿಲ್ಟರು ಬದಲಿಸಿದ ಮೇಲೆ ಒಳಗೆ ಉಳಿದ ಗಾಳಿಯನ್ನು ತೆಗೆಯದಿದ್ದರೆ ಇಂಜಿನ್ನು ತೊದಲುತ್ತದೆ. ಫಿಲ್ಟರಿನ ತಲೆಯ ತಿರುಪನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತ ಹೋಗಿ, ಗುಳ್ಳೆಯಿಲ್ಲದ ಡೀಸೆಲ್ ಬಂದಾಗ ಬಿಗಿಯಬೇಕು. ಅನಂತರ ದೊಡ್ಡ ಪಂಪಿನ ತಿರುಪಿನಲ್ಲಿಯೂ ಹಾಗೆಯೇ. ಮತ್ತೆ ಮತ್ತೆ ಗಾಳಿ ಸೇರುತ್ತಿದ್ದರೆ ಕೊಳವೆಯ ಜೋಡಣೆಯ ವಾಷರು ಹೋಗಿರುತ್ತದೆ.

ಹೊಗೆಯ ಬಣ್ಣವೂ ಒಂದು ಸಾಕ್ಷಿ. ಇಂಜಿನ್ನು ಕಾದ ಮೇಲೆ, ಭಾರ ಎಳೆಯುವಾಗ ನೋಡಿದ್ದಷ್ಟೇ ಪ್ರಮಾಣ. ದಟ್ಟ ಕರಿಹೊಗೆಯಾದರೆ ಗಾಳಿ ಸಾಲದು, ಇಲ್ಲವೆ ನಾಜಲ್ಲು ಸಿಂಪಡಿಸುವ ಬದಲು ಸುರಿಯುತ್ತಿದೆ, ಇಲ್ಲವೆ ಭಾರ ಮಿತಿಮೀರಿದೆ. ಬಿಳಿಹೊಗೆ ಹೊತ್ತದ ಡೀಸೆಲ್‌ನದು. ನೀರು ಸೇರಿದಾಗಲೂ ಬರುತ್ತದೆ. ಚಳಿಗಾಲದ ಮುಂಜಾನೆ ತುಸು ಬಿಳಿಹೊಗೆ ಬಂದರೆ ಗಾಬರಿ ಬೇಡ. ನೀಲಿ ಹೊಗೆ ಇಂಜಿನ್ ಆಯಿಲ್ ಸುಡುತ್ತಿರುವುದರ ಗುರುತು. ಬಲ ಕುಂದಿಯೂ ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಾಕಷ್ಟು ಬರುತ್ತಿಲ್ಲವೆಂದೇ ಬಹುಮಟ್ಟಿಗೆ ತಿಳಿಯಬಹುದು.

ಮೂರು ಸಿಲಿಂಡರುಗಳಲ್ಲಿ ಒಂದು ಕೆಲಸ ಬಿಟ್ಟಿದ್ದರೆ ಮಿಸ್ತ್ರಿಯು ನಾಜಲ್ಲಿನ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಸದ್ದನ್ನು ಆಲಿಸುತ್ತಾನೆ. ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗದೋ ದೋಷ ಅಲ್ಲಿದೆ. ಈ ಪರೀಕ್ಷೆಯನ್ನು ಅನುಭವಿಗೇ ಬಿಡಿರಿ. ನಾಜಲ್ಲಿನಿಂದ ಚಿಮ್ಮುವ ಡೀಸೆಲ್ ಸೂಜಿಯಂತೆ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ನಾಜಲ್ಲು, ಪಂಪುಗಳನ್ನು ಪೇಟೆಯಲ್ಲಿ ಯಂತ್ರದ ಮೇಲಿಟ್ಟು ಪರೀಕ್ಷಿಸುವವರ ಬಳಿಗೇ ಒಯ್ಯತಕ್ಕುದು. ಪಂಪಿನ ಸೀಲು ಮುರಿದು ‘ಡೀಸೆಲ್ ಹೆಚ್ಚು ಬಿಡುವ’ ಉಪಾಯಕ್ಕೆ ಯಾರೂ ಒಪ್ಪಬಾರದು. ನಾಲ್ಕು ದಿನ ಬಲ ಬಂದಂತೆ ಕಂಡು, ಐದನೆಯ ದಿನ ಪಿಸ್ಟನ್ನೇ ಸುಟ್ಟೀತು.

ವಾಲ್ವುಗಳ ಟ್ಯಾಪೆಟ್ ಸಂದು ತೀರ ಬಿಗಿಯಾಗಿದ್ದರೆ ವಾಲ್ವು ಪೂರ್ತಿ ಮುಚ್ಚದೆ ಒತ್ತಡ ಸೋರುತ್ತದೆ. ಕಂಪನಿಯ ಪುಸ್ತಕದಲ್ಲಿ ಬರೆದ ಅಳತೆಗೆ ತಂದರೆ ಸಾಕು. ಒಂದು ತಾಸಿನ ಕೆಲಸ.

ಇಷ್ಟಾದರೂ ಬಲ ಬಾರದಿದ್ದರೆ ಮಾತ್ರ ಲೈನರು, ರಿಂಗುಗಳ ಮಾತು. ಅದಕ್ಕೂ ಕುರುಹುಗಳುಂಟು: ಇಂಜಿನ್ನಿನ ಉಸಿರುಗೊಳವೆಯಿಂದ ಹೊಗೆ ಬುಸುಗುಟ್ಟುವುದು, ಗೇಜಿನ ಕಡ್ಡಿಯಲ್ಲಿ ಆಯಿಲ್ ದಿನೇ ದಿನೇ ಇಳಿಯುವುದು, ಕಾದಾಗಲೂ ಸ್ಟಾರ್ಟ್ ಆಗಲು ತಡವಾಗುವುದು. ಆಗಲೂ ಮಿಸ್ತ್ರಿಗೆ, “ತಮ್ಮಾ, ಬಿಚ್ಚುವ ಮುಂಚೆ ಪ್ರತಿ ಸಿಲಿಂಡರಿನ ಕಂಪ್ರೆಶನ್ ಗೇಜು ಹಚ್ಚಿ ಅಳದು ಬರದು ಕೊಡು” ಎಂದು ಕೇಳುವುದು ತಪ್ಪಲ್ಲ. ಬಲ್ಲವನು ಸಂತೋಷದಿಂದ ಅಳೆಯುತ್ತಾನೆ.

ನಮ್ಮ ಸೀಮೆಯಲ್ಲಿ ಎಚ್‌ಎಂಟಿ ಟ್ರ್ಯಾಕ್ಟರುಗಳನ್ನು ಇನ್ನೂ ಓಡಿಸುವ ಮನೆಗಳಿಗೆ ಒಂದು ಮಾತು. ಬೆಂಗಳೂರನ್ನು ನೆಲೆಯಾಗಿಸಿಕೊಂಡ ಆ ಸಂಸ್ಥೆ ಚೆಕ್ ದೇಶದ ಝೆಟರ್ ಸಹಯೋಗದಿಂದ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರು ತಯಾರಿಸತೊಡಗಿತು. 2016ರಲ್ಲಿ ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರಕಾರ ತೀರ್ಮಾನಿಸಿತು. ಇಂಥ ಯಂತ್ರಗಳಿಗೆ ಬಿಡಿಭಾಗ ಕೊಳ್ಳುವಾಗ ಹಳೆಯ ತುಂಡನ್ನು ಕೈಯಲ್ಲಿ ಹಿಡಿದು ಹೋಗಿ, ಅಳತೆ ಹೋಲಿಸಿಯೇ ಹಣ ಕೊಡಬೇಕು.

ಶಾಲೆಗೆ ಹೋಗುವ ಮಕ್ಕಳಿದ್ದ ಮನೆಯಲ್ಲಿ ಒಂದು ನೋಟ್‌ಬುಕ್ಕನ್ನು ಟ್ರ್ಯಾಕ್ಟರಿಗೆಂದೇ ಮೀಸಲಿಡಿರಿ. ಆಯಿಲ್ ಯಾವಾಗ ಬದಲಿಸಿತು, ಫಿಲ್ಟರು ಯಾವಾಗ, ಎಷ್ಟು ತಾಸು ದುಡಿಯಿತು ಎಂಬುದನ್ನು ಮಗಳೋ ಮಗನೋ ಬರೆದಿಡಲಿ. ಲೈನರು ಸವೆದಿರುವುದೇ ನಿಜವೆಂದು ತಿಳಿದ ವರುಷದಲ್ಲಿ, ದಿನವೂ ಆಯಿಲ್ ನೋಡುತ್ತ, ಹಗುರ ಕೆಲಸಕ್ಕಷ್ಟೇ ಗಾಡಿಯನ್ನು ಹೂಡಿ, ಭಾರದ ಉಳುಮೆಗೆ ನೆರೆಯವರ ಟ್ರ್ಯಾಕ್ಟರನ್ನು ಬಾಡಿಗೆಗೆ ಕರೆಯಿರಿ. ಬಿತ್ತನೆ ಮುಗಿದ ಮೇಲೆ, ಮಿಸ್ತ್ರಿಗೂ ಬಿಡುವಿರುವಾಗ, ಇಂಜಿನ್ ಬಿಚ್ಚಿಸಿದರಾಯಿತು.