ಕಾಯಿಲೆಯ ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ

1970ರ ಸುಮಾರಿಗೆ ಬ್ರಿಟನ್ ಮತ್ತು ಅಮೆರಿಕದ ಮನೋವೈದ್ಯರಿಗೆ ಕೆಲವು ರೋಗಿಗಳ ಸಂದರ್ಶನದ ವಿಡಿಯೊಗಳನ್ನು ತೋರಿಸಿ, ಇವರಿಗಿರುವ ಕಾಯಿಲೆ ಯಾವುದೆಂದು ಕೇಳಲಾಯಿತು. ಆ ರೋಗಿಗಳಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಯುವಕನೊಬ್ಬನಿದ್ದ. ಅಮೆರಿಕದ ವೈದ್ಯರಲ್ಲಿ ಶೇ 69ರಷ್ಟು ಮಂದಿ ಅವನಿಗೆ ಸ್ಕಿಜೋಫ್ರೇನಿಯಾ ಇದೆ ಎಂದರು. ಬ್ರಿಟನ್ನಿನ ವೈದ್ಯರಲ್ಲಿ ಹಾಗೆಂದವರು ಶೇ 2ರಷ್ಟು ಮಾತ್ರ.

ಇದು ಪಂಡಿತರ ನಡುವಿನ ತಕರಾರಾಗಿ ಉಳಿಯುವ ವಿಷಯವಾಗಿರಲಿಲ್ಲ. ನ್ಯೂಯಾರ್ಕಿನ ಆಸ್ಪತ್ರೆಗಳಲ್ಲಿ ಸ್ಕಿಜೋಫ್ರೇನಿಯಾ ಎಂದು ದಾಖಲಾದವರ ಪೈಕಿ ಅನೇಕರನ್ನು ಲಂಡನ್ನಿನ ಮಾನದಂಡದಿಂದ ನೋಡಿದಾಗ ಅವರಿಗಿದ್ದದ್ದು ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆ ಎಂದು ಕಂಡುಬಂತು. ಉನ್ಮಾದಕ್ಕೆ ಲಿಥಿಯಂ ಒಳ್ಳೆಯ ಮದ್ದು ಎಂದು ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲೇ ವರದಿ ಮಾಡಿದ್ದರು. ಬೇರೆ ಹೆಸರು ಅಂಟಿಸಿಕೊಂಡ ರೋಗಿಗೆ ಆ ಮದ್ದು ಸಿಗುವುದಾದರೂ ಹೇಗೆ? ಮನೋರೋಗಗಳ ವರ್ಗೀಕರಣ ಪಠ್ಯಪುಸ್ತಕದ ಒಣ ಅಧ್ಯಾಯವಲ್ಲ ಎನ್ನಲು ಇಷ್ಟು ಸಾಕು. ಇಂದಿಗೂ ಬೈಪೋಲಾರ್ ಇರುವವರನ್ನು ಬರೀ ಖಿನ್ನತೆಯ ರೋಗಿ ಎಂದು ತಿಳಿದು ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ, ಕೆಲವರಲ್ಲಿ ಅದೇ ಉನ್ಮಾದವನ್ನು ಕೆರಳಿಸಬಹುದು.

ತೊಡಕಿನ ಬೇರು ಸ್ಪಷ್ಟವಾಗಿದೆ. ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆ ಇದೆ, ಕ್ಷಯಕ್ಕೆ ಕಫದ ಪರೀಕ್ಷೆ ಇದೆ. ಸ್ಕಿಜೋಫ್ರೇನಿಯಾವನ್ನೋ ಖಿನ್ನತೆಯನ್ನೋ ಖಚಿತಪಡಿಸುವ ಅಂಥ ಪರೀಕ್ಷೆ ಇಲ್ಲ. ರೋಗಿ ಹೇಳುವುದು, ಮನೆಯವರು ಕಂಡದ್ದು, ವೈದ್ಯರು ಗಮನಿಸಿದ್ದು, ಕಾಯಿಲೆ ವರ್ಷಗಳ ಕಾಲ ಹಿಡಿದ ದಾರಿ, ಇವಿಷ್ಟೇ ಆಧಾರ. ಈ ಕೊನೆಯ ಅಂಶದ ಮಹತ್ವವನ್ನು ಕಂಡವರು ಜರ್ಮನಿಯ ಎಮಿಲ್ ಕ್ರೆಪೆಲಿನ್. ಪ್ರತಿ ರೋಗಿಗೂ ಒಂದು ಕಾರ್ಡ್ ಬರೆದಿಟ್ಟು, ಕಾಯಿಲೆ ಎಲ್ಲಿಗೆ ಮುಟ್ಟಿತೆಂದು ಹಿಂಬಾಲಿಸಿದ ಅವರು, ಕ್ರಮೇಣ ಬುದ್ಧಿಯನ್ನು ಕುಗ್ಗಿಸುವ, ಈಗ ನಾವು ಸ್ಕಿಜೋಫ್ರೇನಿಯಾ ಎನ್ನುವ ಕಾಯಿಲೆ ಬೇರೆ, ಬಂದು ಹೋಗುವ ಉನ್ಮಾದ-ಖಿನ್ನತೆ ಬೇರೆ ಎಂದು 1899ರಲ್ಲಿ ಗೆರೆ ಎಳೆದರು. ಈ ಎರಡು ಕಾಯಿಲೆಗಳ ಆನುವಂಶಿಕ ಬೇರುಗಳು ಹೆಣೆದುಕೊಂಡಿವೆ ಎಂದು ಈಗಿನ ಸಂಶೋಧನೆ ಹೇಳುತ್ತಿದೆ. ಆದರೂ ಆ ಗೆರೆ ಅಳಿಸಿಲ್ಲ. ಚಿಕಿತ್ಸೆಗೆ ಅದರಿಂದ ಉಪಯೋಗವಾಗುತ್ತಿದೆ ಎಂಬುದೇ ಅದಕ್ಕೆ ಕಾರಣ.

ಈಗ ಜಗತ್ತಿನಲ್ಲಿ ಮುಖ್ಯವಾಗಿ ಬಳಕೆಯಲ್ಲಿರುವ ಪಟ್ಟಿಗಳು ಎರಡು. ಒಂದು ಅಮೆರಿಕದ ಮನೋವೈದ್ಯರ ಸಂಘ 1952ರಿಂದ ಪ್ರಕಟಿಸುತ್ತಿರುವ ಡಿಎಸ್‌ಎಂ. ಇನ್ನೊಂದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ. ಐಸಿಡಿಯ 11ನೇ ಆವೃತ್ತಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಇಲ್ಲದ ದನಿ ಕೇಳಿಸುವ, ಬುಡವಿಲ್ಲದ ಸಂಶಯ ಬಲವಾಗಿ ನೆಲೆಯೂರುವ ಚಿತ್ತವಿಕಲತೆಗಳು ಅದರಲ್ಲೊಂದು ಗುಂಪು. ಖಿನ್ನತೆ ಮತ್ತು ಬೈಪೋಲಾರ್ ಇನ್ನೊಂದು. ಆತಂಕದ ಕಾಯಿಲೆಗಳು, ಕೈ ತೊಳೆದಷ್ಟೂ ಸಾಲದೆನಿಸುವಂಥ ಗೀಳು, ಆಘಾತದಿಂದ ಹುಟ್ಟುವ ತೊಂದರೆಗಳು, ಕುಡಿತ ಮುಂತಾದ ಚಟಗಳು, ವ್ಯಕ್ತಿತ್ವ ದೋಷ, ಮರೆಗುಳಿತನ ಇವಕ್ಕೆಲ್ಲ ಬೇರೆ ಬೇರೆ ಜಾಗವಿದೆ. ಆಟಿಸಂ ಮತ್ತು ಬೌದ್ಧಿಕ ಅಸಾಮರ್ಥ್ಯ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಗುಂಪಿಗೆ ಸೇರಿವೆ.

ಇಲ್ಲಿ ಯಾವುದೂ ಶಾಶ್ವತವಲ್ಲ. ಒಂದು ಕಾಲಕ್ಕೆ ಯುರೋಪಿನ ಹುಚ್ಚಾಸ್ಪತ್ರೆಗಳಲ್ಲಿ ತುಂಬಿಕೊಂಡಿದ್ದ, ಬುದ್ಧಿ ಕೆಡಿಸಿ ಲಕ್ವ ತರುತ್ತಿದ್ದ ಕಾಯಿಲೆಗೆ ಸಿಫಿಲಿಸ್ ರೋಗಾಣು ಕಾರಣವೆಂಬುದು 1913ರಲ್ಲಿ ಮಿದುಳಿನಲ್ಲೇ ಸಾಬೀತಾಯಿತು. ಪೆನಿಸಿಲಿನ್ ಬಂದ ಮೇಲೆ ಅದು ಅಪರೂಪವಾಯಿತು. ಜೋಳವನ್ನೇ ನೆಚ್ಚಿದ ದಖ್ಖನ್ನಿನ ಬಡವರಲ್ಲಿ ಕಾಣುತ್ತಿದ್ದ ಪೆಲಾಗ್ರ ಕೂಡ ಮನಸ್ಸನ್ನು ಕದಡುತ್ತದೆ. ಅದರ ಮೂಲ ಊಟದಲ್ಲಿ ನಯಾಸಿನ್ ಎಂಬ ಜೀವಸತ್ವದ ಕೊರತೆ. ಇನ್ನು, ಸೇರಿಸಲೇಬಾರದಿದ್ದುದನ್ನು ಸೇರಿಸಿದ ಅನ್ಯಾಯವೂ ನಡೆದಿದೆ. ಸಲಿಂಗಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಲು ಅಮೆರಿಕದ ಸಂಘ 1973ರವರೆಗೆ, ವಿಶ್ವ ಆರೋಗ್ಯ ಸಂಸ್ಥೆ 1990ರವರೆಗೆ ಕಾಲ ತೆಗೆದುಕೊಂಡವು. ಅಷ್ಟರೊಳಗೆ ಅದೆಷ್ಟೋ ಜನ ಇಲ್ಲದ ರೋಗಕ್ಕೆ ವಿದ್ಯುತ್ ಆಘಾತದ ಹಿಂಸೆಯನ್ನೂ ಸಹಿಸಬೇಕಾಯಿತು.

ಹಾಗೆಂದು ವರ್ಗೀಕರಣವೇ ಬೇಡವೆನ್ನುವುದು ದುಡುಕು. ತಿದ್ದಿಕೊಳ್ಳುವ ಗುಣ ಅದಕ್ಕಿದೆ. ಮೈಮೇಲೆ ದೇವರು ಬರುವುದನ್ನೇ ನೋಡಿ. ಊರಿನ ಆಚರಣೆಯೊಳಗೆ, ಜನ ಒಪ್ಪಿದ ರೀತಿಯಲ್ಲಿ ನಡೆಯುವ ಆವೇಶವನ್ನು ಐಸಿಡಿ ಕಾಯಿಲೆ ಎನ್ನುವುದಿಲ್ಲ. ಆಚರಣೆಯ ಹೊರಗೆ, ಬೇಡವೆಂದರೂ ಮತ್ತೆ ಮತ್ತೆ ಬಂದು ಬದುಕನ್ನು ಹದಗೆಡಿಸಿದರೆ ಮಾತ್ರ ಅದು ಚಿಕಿತ್ಸೆಯ ವಿಷಯ. ಕರಾವಳಿಯ ಕೋಲವನ್ನೂ ನರಳುತ್ತಿರುವ ಹೆಣ್ಣುಮಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗದ ಈ ವಿವೇಕ ದೊಡ್ಡದು.

ಭಾರತದಲ್ಲಿ ಈ ಪಟ್ಟಿಗೆ ಈಗ ಕಾನೂನಿನ ಬಲವೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮನೋರೋಗವನ್ನು ನಿರ್ಧರಿಸಬೇಕಾದದ್ದು ಐಸಿಡಿಯಂಥ ಒಪ್ಪಿತ ವೈದ್ಯಕೀಯ ಮಾನದಂಡದಿಂದಲೇ. ಸಮಾಜದ ನೀತಿಗೆ, ಧಾರ್ಮಿಕ ನಂಬಿಕೆಗೆ ಒಗ್ಗದವರೆಂಬ ಕಾರಣಕ್ಕೆ ಯಾರನ್ನೂ ರೋಗಿ ಎನ್ನುವಂತಿಲ್ಲ. ಬೌದ್ಧಿಕ ಬೆಳವಣಿಗೆ ಕುಂಠಿತಗೊಂಡ ಸ್ಥಿತಿಯನ್ನು ಕಾಯ್ದೆ ಮನೋರೋಗದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಹಳ್ಳಿಯಿರಲಿ, ನಗರವಿರಲಿ, ಇವೆರಡನ್ನೂ ಒಂದೇ ಎಂದು ತಿಳಿಯುವವರು ಈಗಲೂ ಬಹಳ. ಹಾಗೆ ತಿಳಿದಾಗ ಕಲಿಸಬೇಕಾದ ಮಗುವಿಗೆ ಮಾತ್ರೆ ಸಿಗುತ್ತದೆ, ಮಾತ್ರೆ ಬೇಕಾದ ಯುವಕನಿಗೆ ಹರಕೆ.

ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯ ಕಾವೇರಿಯನ್ನು ಕನ್ನಡಿಗರು ಮರೆತಿಲ್ಲ, ಪುಟ್ಟಣ್ಣ ಕಣಗಾಲ್ 1971ರಲ್ಲಿ ಅದನ್ನು ಸಿನಿಮಾ ಮಾಡಿದರು. ಹೆರಿಗೆಯ ನಂತರ ಕಾಯಿಲೆ ಬಿದ್ದು, ಗುಣವಾಗಿ ಮನೆಗೆ ಮರಳಿದವಳನ್ನು ಸುತ್ತಲಿನವರು ಗುಣವಾಗಲು ಬಿಡಲಿಲ್ಲ. ನಮ್ಮ ಅಜ್ಜಿಯಂದಿರು ಬಾಣಂತಿ ಸನ್ನಿ ಎನ್ನುತ್ತಿದ್ದುದು ಇದಕ್ಕೇ. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ ಬರುವ ಈ ಕಾಯಿಲೆ ತುರ್ತು ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ತಾಯಿ-ಮಗುವನ್ನು ಒಟ್ಟಿಗೇ ಇರಿಸಿಕೊಂಡು ನೋಡಿಕೊಳ್ಳುವ ವಾರ್ಡು ನಿಮ್ಹಾನ್ಸ್‌ನಲ್ಲಿದೆ. ನಿಖರವಾದ ಹೆಸರು ಕುಟುಂಬಕ್ಕೆ ಕೊಡುವ ದೊಡ್ಡ ಭರವಸೆ ಇದು: ಇದು ಇಂಥ ಕಾಯಿಲೆ, ಇಂಥ ಸಮಯದಲ್ಲಿ ಬರುತ್ತದೆ, ಇಂಥ ಔಷಧಕ್ಕೆ ಇಳಿಯುತ್ತದೆ.

ಆ ಭರವಸೆ ತಲುಪುವುದು ಕೆಲವರಿಗೆ ಮಾತ್ರ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಶೇ 10.6ರಷ್ಟು ವಯಸ್ಕರಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮನೋರೋಗವಿತ್ತು. ಕಾಯಿಲೆಯನ್ನು ಅವಲಂಬಿಸಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇದಕ್ಕೆ ಪರಿಹಾರದ ದಾರಿಯನ್ನು ತೋರಿಸಿದ್ದು ಬಳ್ಳಾರಿ. 1985ರಲ್ಲಿ ಶುರುವಾದ ಅಲ್ಲಿನ ಪ್ರಯೋಗದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತೀವ್ರ ಮನೋರೋಗ, ಮೂರ್ಛೆರೋಗಗಳಂಥ ಕೆಲವನ್ನು ಗುರುತಿಸುವುದನ್ನು ಕಲಿಸಲಾಯಿತು. ಅವರಿಗೆ ನೂರಾರು ಪುಟದ ಪಟ್ಟಿ ಬೇಕಾಗಲಿಲ್ಲ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ತಾಲ್ಲೂಕು ಆಸ್ಪತ್ರೆಗಳವರೆಗೆ ಈ ತರಬೇತಿಯನ್ನು ಮತ್ತೆ ಮತ್ತೆ ಕೊಡುವುದು ಸರ್ಕಾರದ ಕರ್ತವ್ಯ.

ಮನೆಯವರ ಪಾಲಿನ ಕೆಲಸವೂ ಇದೆ. ಕಾಯಿಲೆಯ ಸ್ವರೂಪವೇನು, ಚಿಕಿತ್ಸೆ ಏನು, ಔಷಧದ ಅಡ್ಡ ಪರಿಣಾಮಗಳೇನು ಎಂಬುದನ್ನು ತಮಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಯುವ ಹಕ್ಕನ್ನು ಕಾಯ್ದೆಯ 22ನೇ ಸೆಕ್ಷನ್ ರೋಗಿಗೂ ಅವರು ನಾಮನಿರ್ದೇಶನ ಮಾಡಿದ ಪ್ರತಿನಿಧಿಗೂ ಕೊಟ್ಟಿದೆ. ಚೀಟಿಯಲ್ಲಿ ಬರೆದ ಹೆಸರನ್ನು ಕನ್ನಡದಲ್ಲಿ ವಿವರಿಸಿ ಎಂದು ಕೇಳಲು ಅಂಜಬೇಡಿ. ವರ್ಷ ಕಳೆದ ಮೇಲೆ ಆ ಹೆಸರು ಈಗಲೂ ಹೊಂದುತ್ತದೆಯೇ ಎಂದೂ ಕೇಳಿ. ಯಾರನ್ನು ಕಾಣಬೇಕೆಂದೇ ತೋಚದವರು ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.