ಫೀ ಕಟ್ಟಿದರೆ ಮಕ್ಕಳ ಕೆಲಸ ಮುಗಿಯಿತೇ?

ನಡುರಾತ್ರಿ ಅಜ್ಜಿ ‘ನೀರಡಿಕಿ ಆಗೇದ’ ಅಂತಾಳೆ. ಪಾಳಿಯ ಮೇಲಿದ್ದ ಮಾವಶಿಗೆ ಕನ್ನಡ ಬಾರದು. ‘ತಹಾನ’ ಅಂದಿದ್ದರೆ ತಕ್ಷಣ ನೀರು ತರುತ್ತಿದ್ದಳು. ಅಜ್ಜಿ ಮತ್ತೆ ಮತ್ತೆ ಕೂಗುತ್ತಾಳೆ. ಬೆಳಿಗ್ಗೆ ವಹಿಯಲ್ಲಿ ‘ರಾತ್ರಿ ಬಹಳ ತ್ರಾಸ ಕೊಟ್ಟರು’ ಎಂದು ದಾಖಲಾಗುತ್ತದೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಮನೆಗಳ ಹಿರಿಯರು ಮರಾಠಿ ವೃದ್ಧಾಶ್ರಮ ಸೇರಿದಾಗ ಇಂಥದ್ದು ನಡೆಯದೆ ಇರದು. ಬಜಾರದಲ್ಲಿ ಜೀವನವಿಡೀ ಮರಾಠಿ ಮಾತಾಡಿದವರೇ ಇವರು. ಆದರೆ ಮರೆವಿನ ಕಾಯಿಲೆ ಬಂದಾಗ ಆಮೇಲೆ ಕಲಿತ ಭಾಷೆ ಜಾರಿ, ತಾಯಿನುಡಿ ಮಾತ್ರ ಉಳಿಯುವುದುಂಟು.

ಮಗ ಪುಣೆಯಲ್ಲಿ ನೌಕರಿ, ಮಗಳು ಗಂಡನ ಮನೆಯಲ್ಲಿ. ಆಶ್ರಮಕ್ಕೆ ಸೇರಿಸಿದ್ದೇ ಪಾಪ ಎಂದು ಬೀಗರು-ಬಿಜ್ಜರು ಆಡಿಕೊಳ್ಳುವುದು ಸಾಕು. ಸೇರಿಸಿದ ಮೇಲೆ ಯಾರ ಕೆಲಸ ಯಾವುದು ಎಂಬುದೇ ಈಗಿನ ಪ್ರಶ್ನೆ.

2007ರ ಹಿರಿಯ ನಾಗರಿಕರ ಪಾಲನೆ ಕಾಯ್ದೆಯಡಿ ನ್ಯಾಯಾಧಿಕರಣವು ಮಕ್ಕಳಿಂದ ತಿಂಗಳಿಗೆ 10,000 ರೂ.ವರೆಗೆ ಜೀವನಾಂಶ ಕೊಡಿಸಬಹುದು. ಹಿರಿಯರನ್ನು ಕೈಬಿಟ್ಟು ಹೋದರೆ 3 ತಿಂಗಳವರೆಗೆ ಜೈಲು, 5,000 ರೂ.ವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಆದರೆ ‘ಅವ್ವಗ ಚಹಾದಾಗ ಬೆಲ್ಲಾನ ಬೇಕು’ ಎಂದು ಕಾಯ್ದೆ ಹೇಳಿಕೊಡದು. ಅದು ಮನೆಯವರಿಗೇ ಗೊತ್ತು.

ಸ್ನಾನ, ಊಟ, ಗುಳಿಗೆ, ಹಾಸಿಗೆ ಸಿಬ್ಬಂದಿಯ ಕೆಲಸ. ಹಿರಿಯರು ಯಾವುದಕ್ಕೆ ಹೆದರುತ್ತಾರೆ, ಯಾವ ಮಾತಿಗೆ ಏನರ್ಥ ಎಂದು ತಿಳಿಸುವುದು ಕುಟುಂಬದ ಕೆಲಸ. ನೀರಡಿಕಿ, ಬ್ಯಾನಿ, ಒಂದಕ್ಕ, ತಲಿ ತಿರಗತದ - ಇಂಥ ಇಪ್ಪತ್ತು ಮಾತುಗಳನ್ನು ಸೇರಿಸುವ ದಿನವೇ ದೇವನಾಗರಿ ಅಕ್ಷರದಲ್ಲಿ, ಮರಾಠಿ ಅರ್ಥದ ಸಮೇತ ಬರೆದು ಮಂಚದ ಬಳಿ ಅಂಟಿಸಬೇಕು. ಅಣ್ಣತಮ್ಮಂದಿರ ಜಗಳ ಏನೇ ಇರಲಿ, ರಾತ್ರಿ ಫೋನ್ ಎತ್ತುವವರು, ದವಾಖಾನೆಯಲ್ಲಿ ಸಹಿ ಮಾಡುವವರು ಯಾರೆಂದು ಮೊದಲೇ ತೀರ್ಮಾನವಾಗಿರಬೇಕು.

ಆಶ್ರಮದವರ ಹೊಣೆಯೂ ಸಣ್ಣದಲ್ಲ. ಹಿರಿಯರು ಬಿದ್ದರೆ ಮುಚ್ಚಿಡದೆ ಅದೇ ದಿನ ಮನೆಗೆ ತಿಳಿಸಬೇಕು. ಪ್ರತಿ ಪಾಳಿಗೂ ಕನ್ನಡ ಬಲ್ಲವರು ಒಬ್ಬರಿರಬೇಕು. ಗಡಿ ಭಾಗದಲ್ಲಿ ಎರಡೂ ಭಾಷೆ ಬಲ್ಲವರಿಗೇನು ಬರವೇ?

ಭೆಟ್ಟಿಗೆ ಬಂದ ಮಕ್ಕಳು ದಣಿದ ಮಾವಶಿಯ ಮೇಲೆ ಕೂಗಾಡಿ ಹೋದರೆ, ಆ ಸಿಟ್ಟು ಕಡೆಗೆ ತಟ್ಟುವುದು ಅಜ್ಜಿಗೇ. ದೂರಿದ್ದರೆ ಕಚೇರಿಗೆ ಹೇಳಲಿ. ಅಲ್ಲಿ ಕೇಳದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ.

ವಾರಕ್ಕೊಮ್ಮೆ ಬರಲಾಗದವರು ಫೋನಿನಲ್ಲಾದರೂ ‘ಅವ್ವಾ, ಊಟ ಆತೇನ?’ ಎಂದು ಕೇಳಲಿ. ಫೀ ತಿಂಗಳಿಗೊಮ್ಮೆ ಕಟ್ಟಿದರೆ ನಡೆದೀತು. ಈ ಮಾತು ತಿಂಗಳಿಗೊಮ್ಮೆ ಆಡಿದರೆ ಸಾಲದು.